ರೇಮೂರ್ ಸಾಹೇಬರ ಲದ್ದಿ ಪೀಪಾಯಿ ಮತ್ತು ನಮ್ಮ ಥರ್ಮೋಕೋಲ್ ಡಬ್ಬಿ

ಹೋದ ವರ್ಷ ಜುಲೈನಲ್ಲಿ ಹರಿಹರದ ನಮ್ಮ ಅತ್ತೆ ಮನೆ ಹಿತ್ತಲಲ್ಲಿ ಕೂತು 25 ಮೊಟ್ಟೆ ಒಡೆದೆವು. ಇಟ್ಟಿದ್ದು 30. ಮರಿ ಆಗಿದ್ದು 5. ಇಪ್ಪತ್ತೊಂದನೇ ದಿನ ಕಾದೆವು, ಇಪ್ಪತ್ತೆರಡು, ಇಪ್ಪತ್ತಮೂರು ಅಂತ ಕಾದೆವು, ಆಮೇಲೆ ಇನ್ನು ಕಾಯೋದರಲ್ಲಿ ಅರ್ಥ ಇಲ್ಲ ಅಂತ ಒಂದೊಂದಾಗಿ ಒಡೆದೆವು. ಕೆಲವು ಬರೀ ನೀರು. ಆದರೆ 17 ಮೊಟ್ಟೆಯೊಳಗೆ ಪೂರ್ತಿ ಬೆಳೆದ ಮರಿ ಇತ್ತು, ಕೊಕ್ಕು, ಉಗುರು, ತುಪ್ಪಳ ಎಲ್ಲಾ ಬಂದಿತ್ತು, ಸತ್ತಿತ್ತು. ಮೈಯೆಲ್ಲ ಊದಿಕೊಂಡು ಒದ್ದೆ ಒದ್ದೆ. ಅತ್ತೆ ಏನೂ ಬೈಯಲಿಲ್ಲ, ಅದೇ ಹೆಚ್ಚು ಕಷ್ಟ ಆಗಿದ್ದು. ಅವರಿಗೆ ನಾಟಿ ಕೋಳಿ ಸಾಕೋದು ಹವ್ಯಾಸ ಅಲ್ಲ; ಜಾತ್ರೆ ಸೀಸನ್‌ಗೆ ಮಾರಿದ ದುಡ್ಡಲ್ಲಿ ವರ್ಷದ ಒಂದಿಷ್ಟು ಖರ್ಚು ನಡೆಯಬೇಕು. ಏಪ್ರಿಲ್‌ನಲ್ಲಿ 30, ಜುಲೈನಲ್ಲಿ 30, ಒಟ್ಟು 60 ಮೊಟ್ಟೆಯನ್ನ ಮಾರದೆ ಇಂಜಿನಿಯರಿಂಗ್ ಓದೋ ಹುಡುಗರನ್ನ ನಂಬಿ ಕೊಟ್ಟಿದ್ದರು.

ಏಪ್ರಿಲ್ ಕಂತಿನ ಕಥೆ ನಮಗೆ ಗೊತ್ತಿತ್ತು. ಆಗ ಡಬ್ಬಿ ನಮ್ಮ ದಾವಣಗೆರೆ ರೂಮಲ್ಲೇ ಇತ್ತು. ಸೆನ್ಸರ್ 37.5 ಡಿಗ್ರಿ ತೋರಿಸ್ತಿದ್ದಾಗ ಪಕ್ಕದಲ್ಲಿಟ್ಟ ಜ್ವರದ ಥರ್ಮಾಮೀಟರ್ 38.4 ತೋರಿಸಿತು. ಅಂದರೆ ಪೂರ್ತಿ 21 ದಿನ ಸುಮಾರು ಒಂದು ಡಿಗ್ರಿ ಹೆಚ್ಚು ಕಾವು ಕೊಟ್ಟಿದ್ದೆವು. ಒಂದು ದಿನ ಮೊದಲೇ 6 ಮರಿ ಹೊರಬಂದವು, ಉಳಿದವು ಪೊರೆಗೆ ಅಂಟಿಕೊಂಡು ಒಣಗಿ ಹೋದವು. ಸರಿ, ಸೆನ್ಸರ್ ತಿದ್ದಿದೆವು, ನೀರಿನ ಬಟ್ಟಲು ಒಂದಿದ್ದದ್ದು ಮೂರು ಮಾಡಿದೆವು, ಬಿಸಿ ಸೋರಬಾರದು ಅಂತ ಡಬ್ಬಿಯ ಸಂದಿಗೆಲ್ಲ ಟೇಪ್ ಹಚ್ಚಿದೆವು, ಡಬ್ಬಿಯನ್ನ ಅತ್ತೆ ಮನೆಗೇ ಸಾಗಿಸಿದೆವು. ಜುಲೈನಲ್ಲಿ ಥರ್ಮಾಮೀಟರ್ ಒಂದು ಕೂದಲೆಳೆ ಅತ್ತ ಇತ್ತ ಆಗಲಿಲ್ಲ. ಆದರೂ 5 ಮರಿ.

ಕಾವು ಸರಿಯಿದ್ದ ಮೇಲೆ ತಪ್ಪೆಲ್ಲಿ? ಈ ಪ್ರಶ್ನೆ ತಲೆಯಲ್ಲಿಟ್ಟುಕೊಂಡು ಥರ್ಮಲ್ ಲ್ಯಾಬಿನ ರೆಕಾರ್ಡ್ ಬರೆಯುವಾಗ ಉಷ್ಣತೆಯ ಮಾಪಕಗಳ ಪಟ್ಟಿಯಲ್ಲಿ ಸೆಲ್ಸಿಯಸ್, ಫ್ಯಾರನ್‌ಹೀಟ್ ಆದಮೇಲೆ ಮೂರನೇ ಹೆಸರೊಂದು ಸಿಕ್ಕಿತು. ಹಳೇ ಪಠ್ಯಪುಸ್ತಕಗಳಲ್ಲಿ ನೀರು 0ಕ್ಕೆ ಹೆಪ್ಪುಗಟ್ಟಿ 80ಕ್ಕೆ ಕುದಿಯೋ ಮಾಪಕ ಅಂತ ಒಂದು ಸಾಲು ಇರ್ತಿತ್ತಲ್ಲ, ಅದೇ. ಆ 80 ಡಿಗ್ರಿಯ ಮನುಷ್ಯ ತನ್ನ ಜೀವನದ ಕೊನೆಯ ಭಾಗದಲ್ಲಿ ಕೂತು ಮಾಡಿದ್ದು ಮೊಟ್ಟೆಗೆ ಕಾವು ಕೊಡೋ ಕೆಲಸ. ಅದರಲ್ಲಿ ಮೊದಮೊದಲು ನಮ್ಮ ಹಾಗೇ ಸೋತಿದ್ದ, ಅದೂ ಜಗತ್ತಿನ ಅತ್ಯುತ್ತಮ ಥರ್ಮಾಮೀಟರುಗಳನ್ನ ಕೈಯಲ್ಲಿಟ್ಟುಕೊಂಡು.

ಪೂರ್ತಿ ಹೆಸರು ರೆನೆ ಆಂತ್ವಾನ್ ಫೆರ್ಷೋ ದ ರೇಮೂರ್. ಬೆಳಕಿನ ವೇಗ ಅಳೆದ ಡೆನ್ಮಾರ್ಕಿನ ರೋಮರ್ ಬೇರೆ, ಇವರು ಬೇರೆ. ಆ ರೋಮರ್ ಹೆಸರಲ್ಲೂ ಒಂದು ಉಷ್ಣಮಾಪಕ ಇರೋದರಿಂದ ಗೊಂದಲ ಆಗತ್ತೆ. ನಮ್ಮ ರೇಮೂರ್ ಹುಟ್ಟಿದ್ದು ಫ್ರಾನ್ಸಿನ ಪಶ್ಚಿಮ ಕರಾವಳಿಯ ಲಾ ರೊಷೆಲ್ ಊರಲ್ಲಿ, 1683ರ ಫೆಬ್ರವರಿ 28ರಂದು. ತಂದೆ ಅಲ್ಲಿನ ನ್ಯಾಯಾಲಯದ ಅಧಿಕಾರಿ. ಮಗ ಇನ್ನೂ ಅಂಬೆಗಾಲಿಡುವಾಗಲೇ ತೀರಿಕೊಂಡರು. ಮನೆಯಲ್ಲಿ ಹಣಕ್ಕೆ ಕೊರತೆ ಇರಲಿಲ್ಲ. ಬೂರ್ಜ್ ಎಂಬಲ್ಲಿ ಕಾನೂನು ಓದಿಸಿದರು. ಹುಡುಗನ ಮನಸ್ಸು ಗಣಿತದ ಮೇಲೆ. 1703ರಲ್ಲಿ ಪ್ಯಾರಿಸ್ಸಿಗೆ ಬಂದು, 1708ರಲ್ಲಿ, ಅಂದರೆ ಇನ್ನೂ 25 ತುಂಬುವ ಹೊತ್ತಿಗೆ, ಫ್ರಾನ್ಸಿನ ವಿಜ್ಞಾನ ಅಕಾಡೆಮಿ ಸೇರಿದರು. ಅಲ್ಲಿಂದ ಸಾಯೋವರೆಗೆ, ಹತ್ತಿರ ಹತ್ತಿರ 50 ವರ್ಷ, ಆ ಅಕಾಡೆಮಿಯೇ ಅವರ ಮನೆ. ಮದುವೆಯಾಗಲಿಲ್ಲ.

ಅಕಾಡೆಮಿ ಅವರಿಗೆ ಒಂದು ದೊಡ್ಡ ಕೆಲಸ ವಹಿಸಿತು: ದೇಶದಲ್ಲಿ ನಡೆಯೋ ಎಲ್ಲಾ ಕಸುಬುಗಳ ವಿವರ ಬರೆಯೋದು. ಕಮ್ಮಾರ, ಕಾಗದ ಮಾಡುವವನು, ಚಿನ್ನದ ತಂತಿ ಎಳೆಯುವವನು, ಗಾಜಿನವನು, ಎಲ್ಲರ ಕೈಚಳಕವನ್ನ ಬರಹಕ್ಕೆ ಇಳಿಸಬೇಕು. ಆ ಕಾಲದ ಪಂಡಿತರು ಕುಲುಮೆ ಹತ್ತಿರ ಹೋಗ್ತಿರಲಿಲ್ಲ. ರೇಮೂರ್ ಹೋದರು. ಕಬ್ಬಿಣ ಉಕ್ಕಾಗೋದು ಹೇಗೆ ಅನ್ನೋದು ಆಗ ಕುಲುಮೆಯವರ ಗುಟ್ಟು. ಒಬ್ಬ ಮೂತ್ರ ಹಾಕ್ತಿದ್ದ, ಇನ್ನೊಬ್ಬ ಬೆಳ್ಳುಳ್ಳಿ ರಸ ಹಾಕ್ತಿದ್ದ. ರೇಮೂರ್ ಮಾಡಿದ್ದು ಏನಪ್ಪಾ ಅಂದರೆ, ಒಂದು ಸಲಕ್ಕೆ ಒಂದೇ ವಸ್ತು ಬದಲಾಯಿಸಿ, ಚಿಕ್ಕ ಚಿಕ್ಕ ಮೂಸೆಗಳಲ್ಲಿ ಕಬ್ಬಿಣ ಕಾಯಿಸಿ, ಮುರಿದು, ಮುರಿದ ಮುಖವನ್ನ ಸೂಕ್ಷ್ಮದರ್ಶಕದಲ್ಲಿ ನೋಡೋದು. ಮೆದು ಕಬ್ಬಿಣ, ಉಕ್ಕು, ಬೀಡುಕಬ್ಬಿಣ ಈ ಮೂರರ ನಡುವಿನ ವ್ಯತ್ಯಾಸ ಕಬ್ಬಿಣ ಹೀರಿಕೊಂಡ ಯಾವುದೋ ವಸ್ತುವಿನ ಪ್ರಮಾಣದಲ್ಲಿದೆ ಅಂತ ಹೇಳಿದರು. ಆ ವಸ್ತು ಇಂಗಾಲ ಅಂತ ಗೊತ್ತಾಗಿದ್ದು ಎಷ್ಟೋ ದಶಕಗಳ ನಂತರ. 1722ರಲ್ಲಿ ಪುಸ್ತಕ ಬಂತು, ಸರ್ಕಾರ ವರ್ಷಕ್ಕೆ 12,000 ಲಿವ್ರ್ ಗೌರವಧನ ಕೊಟ್ಟಿತು. ಅವರು ಅದನ್ನ ತಮ್ಮ ನಂತರ ಅಕಾಡೆಮಿಗೆ ಸೇರುವ ಹಾಗೆ ಮಾಡಿಸಿದರು. 1941ರಿಂದ ಕಿರ್ಲೋಸ್ಕರ್ ಲೇತುಗಳನ್ನ ಮಾಡಿದ ಹರಿಹರದಂಥ ಊರಿನವರಿಗೆ ಬೀಡುಕಬ್ಬಿಣದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ನಮ್ಮ ಮಾವನೂ ಲೇತ್ ಮೇಲೆ ಕೈ ಪಳಗಿಸಿಕೊಂಡವರೇ. ಮುರಿದ ಮುಖ ನೋಡಿ ಎರಕ ಹೇಗಿದೆ ಅಂತ ಹೇಳಿಬಿಡ್ತಾರೆ.

ಇದನ್ನ ಯಾಕೆ ಇಷ್ಟು ಹೇಳಿದೆ ಅಂದರೆ, ಮುಂದೆ ಮೊಟ್ಟೆ ಕೆಲಸದಲ್ಲೂ ಅವರ ದಾರಿ ಇದೇ. ಕೆಟ್ಟಿದ್ದನ್ನ ಬಿಸಾಕಬಾರದು, ಮುರಿದು ನೋಡಬೇಕು.

ಥರ್ಮಾಮೀಟರಿನ ಕಥೆ 1730ರದು. ಆಗ ಥರ್ಮಾಮೀಟರುಗಳಿದ್ದವು, ಆದರೆ ಒಂದು ಊರಿನದಕ್ಕೂ ಇನ್ನೊಂದು ಊರಿನದಕ್ಕೂ ತಾಳೆ ಇರಲಿಲ್ಲ. ರೇಮೂರ್ ಆಲ್ಕೊಹಾಲ್ ತುಂಬಿದ ಗಾಜಿನ ಬುರುಡೆ ಮಾಡಿ, ನೀರು ಹೆಪ್ಪುಗಟ್ಟೋ ಜಾಗಕ್ಕೆ 0 ಅಂದರು. ಅಲ್ಲಿ 1000 ಪಾಲು ಇದ್ದ ದ್ರವ ಕುದಿನೀರಿನ ಬಿಸಿಗೆ 1080 ಪಾಲು ಆಗೋದರಿಂದ ಮೇಲಿನ ತುದಿಗೆ 80 ಅಂದರು. ಇದರಲ್ಲಿ ಒಂದು ಐಬಿತ್ತು. ಆಲ್ಕೊಹಾಲ್ ನೀರಿಗಿಂತ ಮೊದಲೇ ಕುದಿಯತ್ತೆ, ಹಾಗಾಗಿ ಅವರ ಮೇಲಿನ ತುದಿ ಅಷ್ಟು ಗಟ್ಟಿ ಇರಲಿಲ್ಲ. ಮುಂದೆ ದೆಲೂಕ್ ಎಂಬಾತ ಪಾದರಸ ಹಾಕಿ 80ನ್ನು ನಿಜವಾದ ಕುದಿಬಿಂದುವಿಗೆ ಕೂರಿಸಿದ. (ಕುದಿಬಿಂದುವೂ ಎಲ್ಲಾ ಕಡೆ ಒಂದೇ ಅಲ್ಲ. ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಮೇಲಿರೋ ದಾವಣಗೆರೆಯಲ್ಲಿ ನೀರು 98 ಡಿಗ್ರಿಗೇ ಕುದಿಯತ್ತೆ. ಸೆನ್ಸರ್ ಪರೀಕ್ಷೆ ಮಾಡೋರು ಕುದಿನೀರಲ್ಲಿ ಅದ್ದಿ 100 ಬರಲಿಲ್ಲ ಅಂತ ತಿದ್ದಬೇಡಿ. ಪುಡಿ ಮಾಡಿದ ಐಸ್ ಮತ್ತು ಜ್ವರದ ಥರ್ಮಾಮೀಟರ್ ಸಾಕು.)

ಐಬಿದ್ದರೂ ಕೆಲಸ ನಡೆಯಿತು. ಒಂದೇ ಥರದ ಥರ್ಮಾಮೀಟರುಗಳು ಹಿಂದೂ ಮಹಾಸಾಗರದ ದ್ವೀಪಗಳವರೆಗೂ ಹೋದವು, ಅಲ್ಲಿಂದ ಅಂಕಿ ಬಂದವು. 1735ರ ಸುಮಾರಿಗೆ ಇನ್ನೊಂದು ಒಳ್ಳೇ ಯೋಚನೆ ಮಾಡಿದರು: ಬೆಳೆ ಹಣ್ಣಾಗೋಕೆ ಒಂದು ದಿನದ ಬಿಸಿಲು ಮುಖ್ಯ ಅಲ್ಲ, ದಿನದಿನದ ಬಿಸಿಯನ್ನೆಲ್ಲ ಕೂಡಿಸಿದ ಮೊತ್ತ ಮುಖ್ಯ. ಇವತ್ತಿಗೂ ಕೃಷಿ ವಿಜ್ಞಾನದಲ್ಲಿ ಈ ಲೆಕ್ಕ ಇದೆ. ಮೊಟ್ಟೆಗೂ ಸುಮಾರಾಗಿ ಹೊಂದತ್ತೆ. ಕಾವು ಸ್ವಲ್ಪ ಕಡಿಮೆಯಾದರೆ ಮರಿ ಒಂದು ದಿನ ತಡ, ಸ್ವಲ್ಪ ಹೆಚ್ಚಾದರೆ ಒಂದು ದಿನ ಮೊದಲು. ಮರಿ ಬಂದ ದಿನವೇ ನಿಮ್ಮ ಸೆನ್ಸರಿನ ಬಗ್ಗೆ ಹೇಳಿಬಿಡತ್ತೆ.

ನಡುವೆ ಕೀಟಗಳ ಮೇಲೆ 1734ರಿಂದ 1742ರವರೆಗೆ 6 ದೊಡ್ಡ ಸಂಪುಟ ಬರೆದರು. ಇದರ ಬಗ್ಗೆಯೇ ಬೇರೆ ಲೇಖನ ಬರೆಯಬಹುದು. ಗಾಜಿನ ಗೂಡಲ್ಲಿ ಜೇನು ಸಾಕಿ ನೋಡಿದರು. ಜೇನುಗೂಡಿನ ಕೋಣೆಯ ತಳಕ್ಕೆ ಅತಿ ಕಡಿಮೆ ಮೇಣ ಹಿಡಿಯೋ ಕೋನ ಯಾವುದು ಅಂತ ಕೋನಿಗ್ ಎಂಬ ಗಣಿತಜ್ಞನಿಗೆ ಲೆಕ್ಕ ಕೊಟ್ಟರು. ಕಣಜ ಮರ ಅಗಿದು ಗೂಡು ಕಟ್ಟೋದನ್ನ ನೋಡಿ ಮರದಿಂದ ಕಾಗದ ಮಾಡಬಹುದಲ್ಲ ಅಂತ 1719ರಲ್ಲೇ ಹೇಳಿದ್ದರು.

ಅದೇ 1730ರ ದಶಕದಲ್ಲಿ ಮೊಟ್ಟೆ ಕೆಡದ ಹಾಗೆ ಇಡೋದು ಹೇಗೆ ಅಂತಲೂ ನೋಡಿದರು. ಮೊಟ್ಟೆಯ ಚಿಪ್ಪು ಗೋಡೆ ಅಲ್ಲ, ಜರಡಿ. ಸಾವಿರಾರು ಸೂಕ್ಷ್ಮ ರಂಧ್ರಗಳಿಂದ ಒಳಗಿನ ನೀರು ದಿನಾ ಆವಿಯಾಗಿ ಹೊರಗೆ ಹೋಗ್ತಾ ಇರತ್ತೆ. ಹಾಗಾಗಿ ವಾರ್ನಿಷ್ ಇಲ್ಲವೇ ಕೊಬ್ಬು ಬಳಿದರೆ ಮೊಟ್ಟೆ ಬಹಳ ದಿನ ತಾಜಾ ಇರತ್ತೆ. ಆದರೆ ಹಾಗೆ ಬಳಿದ ಮೊಟ್ಟೆಗೆ ಎಷ್ಟೇ ಕಾವು ಕೊಟ್ಟರೂ ಮರಿ ಬೆಳೆಯಲ್ಲ. ಆಮ್ಲಜನಕ ಅನ್ನೋ ಹೆಸರು ಹುಟ್ಟೋಕೆ ಇನ್ನೂ 40 ವರ್ಷ ಇತ್ತು. ಮೊಟ್ಟೆ ಉಸಿರಾಡತ್ತೆ ಅನ್ನೋದಕ್ಕೆ ಆಗಲೇ ಅವರ ಕೈಯಲ್ಲಿ ಸಾಕ್ಷಿ ಇತ್ತು. ವಿಚಿತ್ರ ಅಂದರೆ, ಇಷ್ಟೆಲ್ಲಾ ಗೊತ್ತಿದ್ದೂ ಮುಂದೆ ಕಾವುಪೆಟ್ಟಿಗೆ ಮಾಡುವಾಗ ಅವರ ಮೊದಲ ಗಮನ ಹೋಗಿದ್ದು ಬಿಸಿಯ ಮೇಲೆಯೇ.

ಕಾವುಪೆಟ್ಟಿಗೆಯ ಹುಚ್ಚು ಹತ್ತಿದ್ದು ಈಜಿಪ್ಟಿನಿಂದ. ನೈಲ್ ನದಿಯ ಮುಖಜಭೂಮಿಯಲ್ಲಿ ಸಾವಿರಾರು ವರ್ಷದಿಂದ ಇಟ್ಟಿಗೆ ಗೂಡುಗಳಲ್ಲಿ ಮೊಟ್ಟೆ ಮರಿ ಮಾಡಿಸ್ತಿದ್ದರು. ಬರ್ಮೆ ಎಂಬ ಊರಿನವರ ಕುಲಕಸುಬು ಅದು. ಒಣಸಗಣಿ, ಹುಲ್ಲಿನ ಬೆಂಕಿ, ಥರ್ಮಾಮೀಟರ್ ಇಲ್ಲ, ಮೊಟ್ಟೆಯನ್ನ ಕಣ್ಣುರೆಪ್ಪೆಗೆ ಒತ್ತಿ ಕಾವು ತಿಳಿಯೋದು. ಇಟ್ಟ ಮೊಟ್ಟೆಯಲ್ಲಿ ಮೂರರಲ್ಲಿ ಎರಡು ಪಾಲು ಮರಿ ಕೊಡಬೇಕು ಅನ್ನೋದು ಗೂಡಿನವನ ಕರಾರು: 45,000 ಮೊಟ್ಟೆಗೆ 30,000 ಮರಿ. ನಮ್ಮ ದಾವಣಗೆರೆಯ ಮಂಡಕ್ಕಿ ಭಟ್ಟಿಯವರು ಉಪ್ಪುನೀರು ಹಾಕಿದ ಅಕ್ಕಿ ಮರಳಲ್ಲಿ ಅರಳೋ ಕ್ಷಣವನ್ನ ಶಬ್ದ ಕೇಳಿಯೇ ಹೇಳ್ತಾರಲ್ಲ, ಆ ಥರದ ವಿದ್ಯೆ. ಬರೆದಿಟ್ಟರೆ ಬರಲ್ಲ. ರೇಮೂರ್‌ಗೆ ಆಸೆ ಏನಂದರೆ ಥರ್ಮಾಮೀಟರ್ ಇದ್ದ ಯಾವ ರೈತನಾದರೂ ಇದನ್ನ ಮಾಡೋ ಹಾಗಾಗಬೇಕು.

ಫ್ರಾನ್ಸಲ್ಲಿ ಸೌದೆ ದುಬಾರಿ. ಕುದುರೆ ಲದ್ದಿ ಬೇಕಾದಷ್ಟು. ತೋಟಗಾರರು ಚಳಿಗಾಲದಲ್ಲಿ ಲದ್ದಿ ರಾಶಿಯ ಬಿಸಿಯಲ್ಲೇ ಸಸಿ ಎಬ್ಬಿಸ್ತಿದ್ದರು. ಕೊಳೆಯೋ ಲದ್ದಿ ವಾರಗಟ್ಟಲೆ ಬಿಸಿ ಕೊಡತ್ತೆ, ದುಡ್ಡಿಲ್ಲದ ಬಿಸಿ. ರೇಮೂರ್ ಪೀಪಾಯಿಗಳನ್ನ ಲದ್ದಿಯಲ್ಲಿ ಹೂತು, ಒಳಗೆ ಬುಟ್ಟಿಗಳಲ್ಲಿ ಮೊಟ್ಟೆ ಇಳಿಬಿಟ್ಟು, ಪಕ್ಕದಲ್ಲಿ ಥರ್ಮಾಮೀಟರ್ ಇಟ್ಟರು. ಕೋಳಿಯ ಹೊಟ್ಟೆಯಡಿಯ ಕಾವು ಅವರ ಮಾಪಕದಲ್ಲಿ 32 ಡಿಗ್ರಿ, ನಮ್ಮ ಲೆಕ್ಕದಲ್ಲಿ 40 ಸೆಲ್ಸಿಯಸ್. ಲದ್ದಿ ತಣ್ಣಗಾದರೆ ಸುತ್ತ ಹೊಸ ಲದ್ದಿ ತುಂಬೋದು, ಬಿಸಿ ಹೆಚ್ಚಾದರೆ ಮುಚ್ಚಳ ಸರಿಸೋದು. ಹಗಲು ರಾತ್ರಿ ಕಾದರು. 32 ಬಂತು, 32ರಲ್ಲೇ ನಿಂತಿತು.

ಮರಿ ಬರಲಿಲ್ಲ. ಒಂದು ಕಂತು, ಮತ್ತೊಂದು ಕಂತು. ಅವರು ದಿನಕ್ಕೆ ಒಂದಿಷ್ಟು ಮೊಟ್ಟೆ ಒಡೆದು ಯಾವ ದಿನದವರೆಗೆ ಬೆಳೆದಿವೆ, ಯಾವ ದಿನ ಸತ್ತಿವೆ ಅಂತ ನೋಡಿದರು. ಭ್ರೂಣ ಹುಟ್ಟಿದೆ, ಬೆಳೆದಿದೆ, ನಡುದಾರಿಯಲ್ಲಿ ನಿಂತಿದೆ. ಬಿಸಿ ತಪ್ಪಿದ್ದರೆ ಶುರುವೇ ಆಗಬಾರದಿತ್ತು. ಕೊನೆಗೆ ಕೊಲೆಗಾರ ಯಾರು ಅಂತ ಗೊತ್ತಾಯ್ತು: ಲದ್ದಿಯ ಹಬೆ. ಮರದ ಪೀಪಾಯಿಯ ಸಂದಿಯಿಂದ, ಬಾಯಿಂದ ಒದ್ದೆ ಆವಿ ಒಳಗೆ ಬಂದು ತುಂಬಿಕೊಳ್ತಿತ್ತು, ಹೊರಗೆ ಹೋಗೋ ದಾರಿ ಇರಲಿಲ್ಲ. ಥರ್ಮಾಮೀಟರ್ ಅದನ್ನ ತೋರಿಸಲ್ಲ. ಅದು ಬಿಸಿಯನ್ನಷ್ಟೇ ತೋರಿಸತ್ತೆ.

ಈ ಭಾಗ ಓದುವಾಗ (1750ರ ಹಳೇ ಇಂಗ್ಲಿಷ್ ಅನುವಾದ ಈಗ ಸ್ಕ್ಯಾನ್ ಆಗಿ ಉಚಿತವಾಗಿ ಸಿಗತ್ತೆ) ನನಗೆ ನಮ್ಮ ಟೇಪ್ ಹಚ್ಚಿದ ಡಬ್ಬಿ ಕಣ್ಣಮುಂದೆ ಬಂತು. ಮೂರು ಬಟ್ಟಲು ನೀರು, ಒಂದೂ ತೂತಿಲ್ಲ, ತುಂಗಭದ್ರೆ ತುಂಬಿ ಹರಿಯೋ ಜುಲೈ. ನಾವು ಲದ್ದಿ ಇಲ್ಲದೆ ಲದ್ದಿ ಪೀಪಾಯಿ ಮಾಡಿದ್ದೆವು.

ಲೆಕ್ಕ ಹಾಕಿ ನೋಡಿದೆವು. ಏಪ್ರಿಲ್‌ನ ದಾವಣಗೆರೆಯಲ್ಲಿ ಹೊರಗೆ 36 ಡಿಗ್ರಿ, ತೇವಾಂಶ 25% ಅಂತ ಇಟ್ಟುಕೊಳ್ಳಿ; ಆ ಗಾಳಿಯನ್ನ 37.5ಕ್ಕೆ ಕಾಯಿಸಿದರೆ ಡಬ್ಬಿಯೊಳಗೆ ಸುಮಾರು 23%. ಒಣಗಿ ಹೋಗತ್ತೆ, ನೀರು ಬೇಕೇ ಬೇಕು. ಜುಲೈನ ಹರಿಹರದಲ್ಲಿ ಹೊರಗೆ 25 ಡಿಗ್ರಿ, 85% ಇದ್ದರೆ ಅದೇ ಗಾಳಿ 37.5ಕ್ಕೆ ಬಂದಾಗ ನೀರೇ ಇಡದೆ 42% ಇರತ್ತೆ. ಮೊದಲ 18 ದಿನಕ್ಕೆ ಬೇಕಾಗಿದ್ದು 50ರಿಂದ 55. ಒಂದು ಚಿಕ್ಕ ಬಟ್ಟಲು ಸಾಕಿತ್ತು. ನಮ್ಮ ಮೀಟರ್ 65 ತೋರಿಸ್ತಿತ್ತು, ಸ್ವಲ್ಪ ಹೆಚ್ಚು ಅಷ್ಟೇ ಅಂತ ಬಿಟ್ಟಿದ್ದೆವು. ಆಮೇಲೆ ಉಪ್ಪಿನ ಪರೀಕ್ಷೆ ಮಾಡಿದೆವು: ಒಂದು ಮುಚ್ಚಳದಲ್ಲಿ ಅಡುಗೆ ಉಪ್ಪಿಗೆ ಕೆಸರಾಗುವಷ್ಟು ಮಾತ್ರ ನೀರು ಹಾಕಿ, ಮೀಟರ್ ಜೊತೆ ಗಾಳಿಯಾಡದ ಡಬ್ಬದಲ್ಲಿ ರಾತ್ರಿಯಿಡೀ ಇಟ್ಟರೆ ಒಳಗಿನ ತೇವಾಂಶ 75%ಗೆ ನಿಲ್ಲತ್ತೆ. ನಮ್ಮ ಮೀಟರ್ 66 ತೋರಿಸಿತು. ಅಂದರೆ ಜುಲೈನಲ್ಲಿ ನಿಜಕ್ಕೂ ಇದ್ದದ್ದು 74ರ ಆಸುಪಾಸು.

ಮೊಟ್ಟೆ 18 ದಿನದಲ್ಲಿ ತೂಕದ ಸುಮಾರು 12% ನೀರನ್ನ ಕಳೆದುಕೊಳ್ಳಬೇಕು. ಆಗ ದಪ್ಪ ತುದಿಯ ಗಾಳಿಚೀಲ ದೊಡ್ಡದಾಗತ್ತೆ. ಮರಿ ಚಿಪ್ಪು ಒಡೆಯೋ ಮೊದಲು ಆ ಚೀಲಕ್ಕೆ ಕೊಕ್ಕು ಹಾಕಿ ಮೊದಲ ಉಸಿರು ತಗೊಳ್ಳತ್ತೆ. ನೀರು ಹೋಗದಿದ್ದರೆ ಚೀಲ ಚಿಕ್ಕದು, ಮರಿ ಊದಿಕೊಂಡಿರತ್ತೆ, ತಿರುಗೋಕೆ ಜಾಗ ಇಲ್ಲ. ಆ 17 ಮರಿಗಳು ಮನೆಯೊಳಗೇ ಮುಳುಗಿದ್ದವು.

ರೇಮೂರ್ ಮುಂದೇನು ಮಾಡಿದರು? ಪೀಪಾಯಿಯ ಒಳಮೈಗೆ ಪ್ಲಾಸ್ಟರ್ ಬಳಿದು ಹಬೆಗೆ ಅಡ್ಡ ಕಟ್ಟಿದರು. ಮುಚ್ಚಳದಲ್ಲಿ ತೂತು ಕೊರೆದು ಬಿರಡೆ ಹಾಕಿದರು. ಬಿಸಿ ಹೆಚ್ಚಾದರೆ ಬಿರಡೆ ತೆಗೆಯೋದು, ಅದರಿಂದ ಕೆಟ್ಟ ಗಾಳಿಯೂ ಹೋಗತ್ತೆ. ಆಮೇಲೆ ಅಡ್ಡಲಾಗಿ ಮಲಗಿಸಿದ ಉದ್ದ ಪೆಟ್ಟಿಗೆ ಮಾಡಿ, ಅದರ ಬಾಯಿ ಲದ್ದಿ ಇಲ್ಲದ ಕಡೆ, ಗೋಡೆಯ ಆಚೆಗೆ ತೆರೆಯೋ ಹಾಗೆ ಮಾಡಿದರು. ಬಿಸಿ ಲದ್ದಿಯದು, ಗಾಳಿ ಹೊರಗಿನದು. ಮರಿಗಳು ಬಂದವು. ಪ್ಯಾರಿಸ್ಸಿನ ಒಂದು ಸನ್ಯಾಸಿನಿಯರ ಮನೆಯಲ್ಲಿ ರೊಟ್ಟಿ ಸುಡೋ ಒಲೆ ದಿನಾ ಉರೀತಿತ್ತು. ಅದರ ಮೇಲಿನ ಕೋಣೆಯ ಬಿಸಿ ಸುಮ್ಮನೆ ಹೋಗ್ತಿದೆಯಲ್ಲ ಅಂತ ಅಲ್ಲೂ ಮೊಟ್ಟೆ ಇಡಿಸಿದರು. ಬಂದ ಮರಿಗಳಿಗೆ ತಾಯಿ ಬೇಕಲ್ಲ? ಒಂದು ಪೆಟ್ಟಿಗೆಯ ಒಳಗೆ ಕುರಿಚರ್ಮವನ್ನ ಉಣ್ಣೆಯ ಸಮೇತ ಇಳಿಜಾರಾಗಿ ಹೊದಿಸಿ ಕೃತಕ ತಾಯಿ ಮಾಡಿದರು. ಮರಿಗಳು ತಮಗೆ ಬೇಕಾದಷ್ಟು ತಗ್ಗಿನ ಜಾಗಕ್ಕೆ ನುಗ್ಗಿ ಬೆಚ್ಚಗೆ ಮಲಗ್ತಿದ್ದವು.

ನನಗೆ ತುಂಬಾ ಇಷ್ಟವಾದದ್ದು ಅವರ ಬೆಣ್ಣೆ ಥರ್ಮಾಮೀಟರ್. ಹಳ್ಳಿಯ ಹೆಂಗಸು ಗಾಜಿನ ಥರ್ಮಾಮೀಟರ್ ಎಲ್ಲಿಂದ ತರಬೇಕು? ಅದಕ್ಕೆ ಒಂದು ಉಂಡೆ ಬೆಣ್ಣೆ, ಅದರ ಅರ್ಧದಷ್ಟು ಪ್ರಾಣಿ ಕೊಬ್ಬು ಕರಗಿಸಿ ಚಿಕ್ಕ ಶೀಸೆಗೆ ತುಂಬಿ ಮೊಟ್ಟೆಗಳ ನಡುವೆ ಇಡಿ ಅಂದರು. ಗಟ್ಟಿಯಾಗಿದ್ದರೆ ಕಾವು ಸಾಲದು, ನೀರಿನ ಹಾಗೆ ಅಲ್ಲಾಡಿದರೆ ಜಾಸ್ತಿ, ಪಾಕದ ಹಾಗೆ ನಿಧಾನ ಹರಿದರೆ ಸರಿ. ಜಗತ್ತಿಗೆ ತನ್ನ ಹೆಸರಿನ ಮಾಪಕ ಕೊಟ್ಟ ಮನುಷ್ಯ ಅದನ್ನ ಬಿಟ್ಟು ಬೆಣ್ಣೆ ಹಿಡಿದದ್ದು ದೊಡ್ಡ ಮಾತು. ಬೆಣ್ಣೆದೋಸೆ ಊರಿನವರಾದ ನಾವು ಇದನ್ನ ಮಾಡದೆ ಬಿಡ್ತೀವಾ? ಬರೀ ಬೆಣ್ಣೆಯಲ್ಲಿ ಮಾಡಿದೆವು. ಮೇ ತಿಂಗಳಾದ್ದರಿಂದ ಡಬ್ಬಿಗೆ ಇಡೋ ಮೊದಲೇ ಟೇಬಲ್ ಮೇಲೇ ಹರೀತು. ಪ್ಯಾರಿಸ್ಸಿನ ವಿದ್ಯೆ ಎಲ್ಲಾ ಊರಿಗೆ ಆಗಿಬರಲ್ಲ.

ಇನ್ನೊಂದು ಎಚ್ಚರಿಕೆ. ಅವರ 32ನ್ನ 40 ಸೆಲ್ಸಿಯಸ್ ಅಂತ ಪರಿವರ್ತಿಸಿ ನಿಮ್ಮ ಡಬ್ಬಿಗೆ ಹಾಕಿಬಿಟ್ಟೀರಿ. ಕೋಳಿಯ ಮೈ ಮೊಟ್ಟೆಯ ಮೇಲ್ಭಾಗಕ್ಕೆ ಮಾತ್ರ ತಾಗತ್ತೆ, ಕೆಳಭಾಗ ತಣ್ಣಗಿರತ್ತೆ. ಫ್ಯಾನ್ ಇರೋ ಡಬ್ಬಿಯಲ್ಲಿ ಸುತ್ತಲೂ ಒಂದೇ ಬಿಸಿ, ಅಲ್ಲಿ 37.5 ಸರಿ, 40ರಲ್ಲಿ ಮರಿ ಸಾಯತ್ತೆ. ಫ್ಯಾನ್ ಇಲ್ಲದಿದ್ದರೆ ಮೊಟ್ಟೆಯ ಮೇಲ್ಮಟ್ಟದಲ್ಲಿ 38.5ರ ಹತ್ತಿರ. ಕರೆಂಟ್ ಹೋದರೆ ಗಾಬರಿ ಬೇಡ, ಒಂದೆರಡು ಗಂಟೆಯ ತಣುಪನ್ನ ಭ್ರೂಣ ತಡೆದುಕೊಳ್ಳತ್ತೆ. ಹೆಚ್ಚಿನ ಬಿಸಿಯನ್ನ ತಡೆದುಕೊಳ್ಳಲ್ಲ.

1749ರಲ್ಲಿ ಎರಡು ಸಂಪುಟಗಳಲ್ಲಿ ಪುಸ್ತಕ ಬಂತು. ಎಲ್ಲಾ ಋತುವಿನಲ್ಲೂ ಮನೆಹಕ್ಕಿಗಳನ್ನ ಮರಿ ಮಾಡಿಸಿ ಸಾಕೋ ಕಲೆ ಅನ್ನೋ ಅರ್ಥದ ಉದ್ದನೆಯ ಹೆಸರು. ಸೋತ ಕಂತುಗಳನ್ನೂ ಬಿಡದೆ ಬರೆದಿದ್ದಾರೆ; ಓದಿದವನಿಗೆ ಗೆದ್ದ ಪೆಟ್ಟಿಗೆಗಿಂತ ಅವೇ ಹೆಚ್ಚು ಉಪಯೋಗ. ಆದರೆ ಫ್ರಾನ್ಸಿನ ರೈತರು ಲದ್ದಿ ಪೀಪಾಯಿ ಹಿಂದೆ ಬೀಳಲಿಲ್ಲ. ಕೋಳಿ ಇದೇ ಕೆಲಸವನ್ನ ಸಂಬಳ ಇಲ್ಲದೆ ಮಾಡ್ತಿತ್ತಲ್ಲ. ದೊಡ್ಡ ಮಟ್ಟದ ಕಾವುಯಂತ್ರಗಳು ಬಂದದ್ದು 19ನೇ ಶತಮಾನದಲ್ಲಿ.

ವಯಸ್ಸು 70ರ ಹತ್ತಿರ ಬಂದರೂ ಅವರು ಹಕ್ಕಿಗಳನ್ನ ಬಿಡಲಿಲ್ಲ. 1752ರಲ್ಲಿ ಜೀರ್ಣಕ್ರಿಯೆಯ ಪ್ರಯೋಗ ಪ್ರಕಟಿಸಿದರು. ಸಾಕಿದ ಹದ್ದೊಂದಕ್ಕೆ ಮಾಂಸ ತುಂಬಿದ ತೂತಿನ ಲೋಹದ ಕೊಳವೆ ನುಂಗಿಸಿದರು. ಹದ್ದು ಜೀರ್ಣವಾಗದ್ದನ್ನ ಕಕ್ಕತ್ತೆ. ಕೊಳವೆ ವಾಪಸ್ ಬಂದಾಗ ಅರೆಯಲು ಅವಕಾಶವೇ ಇಲ್ಲದ ಆ ಮಾಂಸ ಕರಗಿತ್ತು. ಹೊಟ್ಟೆ ಬೀಸುಕಲ್ಲು ಅಲ್ಲ, ಅಲ್ಲೊಂದು ರಸ ಇದೆ ಅಂತ ಗೊತ್ತಾಯ್ತು. ಅವರ ಹಕ್ಕಿ ಸಂಗ್ರಹ ಬಹಳ ದೊಡ್ಡದು. ಬ್ರಿಸ್ಸೋನ್ 1760ರಲ್ಲಿ ಬರೆದ ಪಕ್ಷಿಶಾಸ್ತ್ರಕ್ಕೆ ಅದೇ ಆಧಾರ. ಅವರಿಗೆ ಆಗದವರಾಗಿದ್ದ ಬ್ಯೂಫೋನ್ ನೋಡಿಕೊಳ್ತಿದ್ದ ರಾಜೋದ್ಯಾನಕ್ಕೇ ಆ ಸಂಗ್ರಹ ಕೊನೆಗೆ ಸೇರಿತು.

1757ರಲ್ಲಿ, ಬೆರ್ಮೋಂದಿಯೇರ್ ಎಂಬ ಹಳ್ಳಿಯ ಮನೆಯಲ್ಲಿದ್ದಾಗ ಕುದುರೆಯಿಂದ ಬಿದ್ದರು. ಆ ಪೆಟ್ಟಿನಿಂದ ಏಳಲಿಲ್ಲ; ಅಕ್ಟೋಬರ್ 17ರಂದು ತೀರಿಕೊಂಡರು. 74 ವರ್ಷ. ಕಾಗದಪತ್ರಗಳೆಲ್ಲ ಅಕಾಡೆಮಿಗೆ ಹೋದವು.

ನಮ್ಮ ಮೂರನೇ ಕಂತು ಸೆಪ್ಟೆಂಬರ್ ಕೊನೆಗೆ. ಅತ್ತೆಯನ್ನ ಮತ್ತೆ ಮೊಟ್ಟೆ ಕೇಳೋಕೆ ನನಗೆ ಬಾಯಿ ಬರಲಿಲ್ಲ, ಮಾವ ಕೇಳಿದರು. ಈ ಸಲ ಟೇಪ್ ಕಿತ್ತೆವು. ಕೆಳಗೆ 4, ಮೇಲೆ 4 ತೂತು, 12 ಮಿಲಿಮೀಟರಿನವು. ನೀರಿಗೆ ಒಂದು ಪುಟ್ಟ ಬಟ್ಟಲು. ಒಂದು ವಾರಕ್ಕಿಂತ ಹಳೆಯ ಮೊಟ್ಟೆ ತಗೊಳ್ಳಲಿಲ್ಲ; ಬಿಸಿಲು ಬೀಳೋ ಕಿಟಕಿ ಹತ್ತಿರ ಇಟ್ಟಿದ್ದನ್ನೂ ಬಿಟ್ಟೆವು, ಯಾಕಂದರೆ ಅಲ್ಲಿ ಭ್ರೂಣ ಅರ್ಧಂಬರ್ಧ ಶುರುವಾಗಿ ನಿಂತುಬಿಡತ್ತೆ. ದಿನಕ್ಕೆ 5 ಸಲ ತಿರುಗಿಸಿದೆವು, 18ನೇ ದಿನದವರೆಗೆ. ಮುಖ್ಯವಾಗಿ, ಅಡುಗೆಮನೆಯ ತಕ್ಕಡಿ ತಂದು 30 ಮೊಟ್ಟೆಯನ್ನೂ ಒಟ್ಟಿಗೆ ತೂಗಿದೆವು: 1,320 ಗ್ರಾಂ. 18ನೇ ದಿನಕ್ಕೆ 1,160 ಆಗಬೇಕು. 7ನೇ ದಿನ ಮೊಬೈಲ್ ಟಾರ್ಚ್ ಹಿಡಿದು ನೋಡಿದಾಗ 4 ಮೊಟ್ಟೆ ಖಾಲಿ, ನರದ ಗೆರೆ ಇಲ್ಲ. ಅವನ್ನ ತೆಗೆದು, ಲೆಕ್ಕದಿಂದಲೂ ಕಳೆದೆವು. 10ನೇ ದಿನ ತೂಕ ಇಳಿದದ್ದು ಕಡಿಮೆ ಅನ್ನಿಸಿತು, ಬಟ್ಟಲನ್ನೇ ಎರಡು ದಿನ ತೆಗೆದಿಟ್ಟೆವು. 18ಕ್ಕೆ ತಿರುಗಿಸೋದು ನಿಲ್ಲಿಸಿ, ಒದ್ದೆ ಬಟ್ಟೆ ಇಟ್ಟು ತೇವಾಂಶ 65ರ ಮೇಲೆ ಏರಿಸಿದೆವು. ಆಗ ಮಾತ್ರ ಪೊರೆ ಒಣಗಬಾರದು. ತೂತು ಮುಚ್ಚಲಿಲ್ಲ.

20ನೇ ದಿನ ರಾತ್ರಿ ಮೊದಲ ಕಿಚಿಪಿಚಿ ಕೇಳಿತು. ಮುಚ್ಚಳ ತೆಗೆದು ನೋಡಬಾರದು ಅಂತ ಗೊತ್ತಿದ್ದರೂ ಕೈ ತಡೆಯೋದು ಕಷ್ಟ. 22ನೇ ದಿನ ಬೆಳಗ್ಗೆ ಎಣಿಸಿದರೆ 21 ಮರಿ. ಬರ್ಮೆ ಊರಿನವರ ಮೂರರಲ್ಲಿ ಎರಡರ ಕರಾರಿಗಿಂತ ಒಂದು ಹೆಚ್ಚು. ನಾನು ಈ ಈಜಿಪ್ಟ್ ಲೆಕ್ಕವನ್ನ ಅತ್ತೆಗೆ ಉತ್ಸಾಹದಿಂದ ವಿವರಿಸಿದೆ. ಅವರು ಮರಿಗಳನ್ನ ಬುಟ್ಟಿಗೆ ತುಂಬಿಕೊಳ್ತಾ ಕೇಳಿಸಿಕೊಂಡರು, ಆಮೇಲೆ ಹಿತ್ತಲ ಮೂಲೆಯ ಕಪ್ಪು ಹ್ಯಾಟೆಯನ್ನ ತೋರಿಸಿದರು. ಅದು 12ರ ಮೇಲೆ ಕೂತು 11 ಎಬ್ಬಿಸಿತ್ತು.